ಮರುಭೂಮಿಯ ಪಿಕಪ್‌ಗೆ ಅಡುಗೆಮನೆಯ ಲೆಕ್ಕ

ಮನೆಯಲ್ಲಿ ವಾಹನ ಕೊಳ್ಳುವ ಮಾತು ಬಂದಾಗ ನಿಮ್ಮನ್ನು ಯಾರಾದರೂ ಏನಾದರೂ ಕೇಳುತ್ತಾರೆಯೇ ಸಹೋದರಿ? ಹೆಚ್ಚೆಂದರೆ ಯಾವ ಬಣ್ಣ ಇರಲಿ ಎಂದು ಕೇಳಿಯಾರು. ಎಂಜಿನ್, ಗೇರು, ಟಯರು ಎಲ್ಲ ಗಂಡಸರ ವಿಷಯ ಎಂದು ನಾವೂ ಸುಮ್ಮನಿರುತ್ತೇವೆ. ನಾನೂ ಹಾಗೆಯೇ ಇದ್ದವಳು. ಆದರೆ ನಾವು ಕುವೈತಿನಲ್ಲಿದ್ದಾಗ, 2016ರಲ್ಲಿ, ಒಂದು ಪಿಕಪ್ ವಾಹನದ ಆಯ್ಕೆ ನನ್ನ ಅಡುಗೆಮನೆಯಲ್ಲಿ ತೀರ್ಮಾನವಾಯಿತು. ಆ ವಾಹನ ನಮ್ಮದಲ್ಲ. ಅದಕ್ಕೆ ನಾವು ಒಂದು ದೀನಾರನ್ನೂ ಕೊಟ್ಟಿಲ್ಲ. ಆದರೂ ಅದನ್ನು ಆರಿಸಿದ ಆ ಹತ್ತು ದಿನಗಳಲ್ಲಿ ನನ್ನ ಈಮಾನಿನ ತೂಕ ಎಷ್ಟೆಂಬುದು ನನಗೇ ಗೊತ್ತಾಯಿತು. ಹೇಳಿಕೊಳ್ಳಲು ಸಂಕೋಚವಿದ್ದರೂ ನಿಮ್ಮ ಮುಂದೆ ಇಡುತ್ತಿದ್ದೇನೆ.

ನನ್ನ ಪತಿ ಆಗ ಶುವೈಖ್ ಕೈಗಾರಿಕಾ ಪ್ರದೇಶದ ಒಂದು ಗ್ಯಾರೇಜಿನಲ್ಲಿ ಮೇಲ್ವಿಚಾರಕರಾಗಿದ್ದರು. ಗ್ಯಾರೇಜಿನ ಮಾಲಕರು ಕುವೈತಿ. ಅವರ ತಾಯಿಯನ್ನು ಎಲ್ಲರೂ 'ಹಜ್ಜಿಯಾ' ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಆ ತಾಯಿಗೆ ನನ್ನ ಅರಬಿ ಕೇಳುವುದೆಂದರೆ ಬಹಳ ಖುಷಿ. ನನ್ನದು ಮದ್ರಸದಲ್ಲಿ ಕಲಿತ ಗ್ರಂಥದ ಅರಬಿ. ಅಂಗಡಿಯಲ್ಲಿ ಟೊಮೆಟೊ ಕೇಳುವಾಗಲೂ ವ್ಯಾಕರಣ ತಪ್ಪದೆ ಕೇಳುತ್ತಿದ್ದೆ. "ನೀನು ಮಾತಾಡಿದರೆ ಖುತ್ಬಾ ಕೇಳಿದ ಹಾಗಾಗುತ್ತದೆ" ಎಂದು ಅವರು ನಗುತ್ತಿದ್ದರು. ಹಾಗಾಗಿ ಚಳಿಗಾಲ ಬಂತೆಂದರೆ ಅವರ ಕುಟುಂಬದ ಜೊತೆ ಮರುಭೂಮಿಯ ಶಿಬಿರಕ್ಕೆ ನಮಗೂ ಕರೆ ಬರುತ್ತಿತ್ತು.

ಮರುಭೂಮಿ ಎಂದರೆ ಬರೀ ಬಿಸಿಲು ಎಂದು ನಾವು ಇಲ್ಲಿ ಭಾವಿಸುತ್ತೇವೆ. ಅಲ್ಲಿನ ಚಳಿಗಾಲ ಕಂಡವರಿಗೇ ಗೊತ್ತು. ಜನವರಿಯ ರಾತ್ರಿಗಳಲ್ಲಿ ಊರ ಹೊರಗಿನ ಬಯಲಿನಲ್ಲಿ ಉಷ್ಣತೆ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಕೆಲವು ರಾತ್ರಿ ಸೊನ್ನೆಯ ಹತ್ತಿರಕ್ಕೂ ಹೋಗುತ್ತದೆ. ಅಡ್ಡವಿಲ್ಲದೆ ಬೀಸುವ ಗಾಳಿ ಬೇರೆ. ಆದರೆ ಬೇಸಿಗೆಯಲ್ಲಿ 50 ಡಿಗ್ರಿಯ ಬಿಸಿಲಿಗೆ ಹೆದರಿ ಮನೆಯೊಳಗೇ ಇದ್ದ ಕುವೈತಿಗಳಿಗೆ ಅದೇ ಹಬ್ಬ. ಸಾಮಾನ್ಯವಾಗಿ ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಶಿಬಿರದ ಕಾಲ. ನಗರಪಾಲಿಕೆಯ ಪರವಾನಗಿ ಪಡೆದು, ತೋರಿಸಿಕೊಟ್ಟ ಜಾಗದಲ್ಲಿ ಡೇರೆ ಹಾಕುತ್ತಾರೆ. ಗಂಡಸರಿಗೊಂದು ಡೇರೆ, ಹೆಂಗಸರಿಗೊಂದು, ಅಡುಗೆಗೊಂದು, ಕೆಲಸದವರಿಗೊಂದು. ಜನರೇಟರ್, ನೀರಿನ ಟ್ಯಾಂಕ್, ಜಮಖಾನ, ಕಟ್ಟಿಗೆ, ಮಕ್ಕಳು ಓಡಿಸುವ ನಾಲ್ಕು ಗಾಲಿಯ ಬೈಕುಗಳು, ಕೆಲವೊಮ್ಮೆ ಜೀವಂತ ಕುರಿಗಳು. ಇಷ್ಟನ್ನೂ ಹೊತ್ತು ಎಳೆಯುವುದು ಪಿಕಪ್. ಅಲ್ಲಿನವರು ಅದನ್ನು 'ವಾನೆಟ್' ಎನ್ನುತ್ತಾರೆ.

ಹಿಂದೆ ಈ ಕೆಲಸವನ್ನು ಒಂಟೆ ಮಾಡುತ್ತಿತ್ತು. ಕಷ್ಟಪಡದೆ ನೀವು ತಲುಪಲಾಗದ ನಾಡಿಗೆ ಪ್ರಾಣಿಗಳು ನಿಮ್ಮ ಹೊರೆಗಳನ್ನು ಒಯ್ಯುತ್ತವೆ ಎಂದು ಅನ್ನಹ್ಲ್ ಅಧ್ಯಾಯದಲ್ಲಿ ಅಲ್ಲಾಹನು ತನ್ನ ಅನುಗ್ರಹವನ್ನು ನೆನಪಿಸುತ್ತಾನೆ. ಮುಂದುವರಿದು, ನಿಮಗೆ ತಿಳಿಯದವುಗಳನ್ನೂ ಅವನು ಸೃಷ್ಟಿಸುತ್ತಾನೆ ಎನ್ನುತ್ತಾನೆ. ಆ ಸೂಕ್ತವನ್ನು ತರಗತಿಯಲ್ಲಿ ಎಷ್ಟೋ ಸಲ ಓದಿಸಿದ್ದೆ. ಅದರ ಅರ್ಥ ಮನಸ್ಸಿಗೆ ತಟ್ಟಿದ್ದು ಮಾತ್ರ ಸಾಲ್ಮಿ ರಸ್ತೆಯಲ್ಲಿ.

ಅದು 2016ರ ಜನವರಿ. ಹಜ್ಜಿಯಾರ ಮನೆಯಲ್ಲಿದ್ದ ಹಳೆಯ ಪಿಕಪ್‌ನಲ್ಲಿ ನಾವು ಶಿಬಿರಕ್ಕೆ ಹೊರಟಿದ್ದೆವು. ಇವರು ಓಡಿಸುತ್ತಿದ್ದರು. ನಾನು ಇಬ್ಬರು ಮಕ್ಕಳೊಂದಿಗೆ ಹಿಂದಿನ ಸೀಟಿನಲ್ಲಿದ್ದೆ. ಹಿಂದುಗಡೆ ಟ್ರೇಲರು. ಅದಕ್ಕೆ ಸಾಮಾನು ತುಂಬಿಸಿದ್ದು ಮನೆಯ ಹುಡುಗರು. ಎರಡು ಬೈಕುಗಳನ್ನು ಮೊದಲು ಹತ್ತಿಸಿ, ಜನರೇಟರನ್ನು ಕೊನೆಗೆ, ಅಂದರೆ ಟ್ರೇಲರಿನ ಬಾಲದ ತುದಿಯಲ್ಲಿ ಇಟ್ಟಿದ್ದರು. ಇವರಿಗೆ ಗ್ಯಾರೇಜಿನಿಂದ ಬರುವಾಗಲೇ ತಡವಾಗಿತ್ತು. ಬಿಚ್ಚಿ ಪುನಃ ತುಂಬಲು ಹೇಳುವುದು ಹೇಗೆಂದು ಹಾಗೆಯೇ ಹೊರಟರು.

ಜಹ್ರಾ ದಾಟಿದ ಮೇಲೆ ಗಾಳಿ ಜೋರಾಯಿತು. ದೊಡ್ಡ ಲಾರಿಯೊಂದು ನಮ್ಮನ್ನು ದಾಟಿ ಹೋದದ್ದೇ ತಡ, ಟ್ರೇಲರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಲ ಬೀಸತೊಡಗಿತು. ಪ್ರತಿ ಬೀಸಿಗೂ ನಮ್ಮ ಪಿಕಪ್‌ನ ಹಿಂಭಾಗವೂ ಅದರೊಂದಿಗೆ ಎಳೆದುಕೊಂಡು ಹೋಗುತ್ತಿತ್ತು. ನಾನು ಮಕ್ಕಳನ್ನು ತಬ್ಬಿಕೊಂಡು ಕಲಿಮಾ ಹೇಳತೊಡಗಿದೆ. "ಬ್ರೇಕ್ ಹಾಕಿ, ಬ್ರೇಕ್ ಹಾಕಿ" ಎಂದು ಕಿರುಚಿದೆ. ಇವರು ಬ್ರೇಕ್ ಹಾಕಲಿಲ್ಲ. ಸ್ಟೀರಿಂಗನ್ನು ನೇರವಾಗಿ ಗಟ್ಟಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವಾಹನ ತಾನಾಗಿ ನಿಧಾನಗೊಳ್ಳಲು ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಟ್ರೇಲರು ಶಾಂತವಾಯಿತು. ಬದಿಗೆ ನಿಲ್ಲಿಸಿ ಇಳಿದಾಗ ಇವರ ಅಂಗಿ ಆ ಚಳಿಯಲ್ಲೂ ಬೆವರಿಗೆ ಒದ್ದೆಯಾಗಿತ್ತು. "ಆಗ ಬ್ರೇಕ್ ತುಳಿದಿದ್ದರೆ ಟ್ರೇಲರು ನಮ್ಮನ್ನು ಮಗುಚಿ ಹಾಕುತ್ತಿತ್ತು" ಎಂದರು.

ಅದರ ಕಾರಣವನ್ನು ಇವರು ನನಗೆ ಚಮಚ ಹಿಡಿದು ವಿವರಿಸಿದರು. ಟ್ರೇಲರಿನ ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15ರಷ್ಟು ಅದರ ಮೂಗಿನ ಮೇಲೆ, ಅಂದರೆ ನಮ್ಮ ವಾಹನದ ಕೊಂಡಿಯ ಮೇಲೆ ಒತ್ತಬೇಕು. ಭಾರವೆಲ್ಲ ಬಾಲಕ್ಕೆ ಹೋದರೆ ಮೂಗು ಹಗುರವಾಗುತ್ತದೆ, ಬಾಲ ಬೀಸುತ್ತದೆ. ಆದ್ದರಿಂದ ಜನರೇಟರಿನಂತಹ ಭಾರದ ವಸ್ತುವನ್ನು ಟ್ರೇಲರಿನ ಗಾಲಿಗಳ ನೇರಕ್ಕೆ, ಸ್ವಲ್ಪ ಮುಂದಕ್ಕೆ ಇಡಬೇಕು. ಇದಕ್ಕೆ ದುಡ್ಡು ಬೇಡ, ದೊಡ್ಡ ಎಂಜಿನೂ ಬೇಡ. ಹತ್ತು ನಿಮಿಷದ ತಾಳ್ಮೆ ಸಾಕು. ಆ ಹತ್ತು ನಿಮಿಷವನ್ನು ಸಂಕೋಚದಿಂದ ಉಳಿಸಿದ್ದಕ್ಕೆ ನಮ್ಮ ಮಕ್ಕಳ ಜೀವ ಬೆಲೆಯಾಗುವುದರಲ್ಲಿತ್ತು.

ವಿಷಯ ತಿಳಿದ ಮಾಲಕರು ಮುಂದಿನ ಶಿಬಿರಕ್ಕೆ ಬೇರೆ ಪಿಕಪ್ ಕೊಳ್ಳಲು ನಿರ್ಧರಿಸಿದರು. ಅಕ್ಟೋಬರಿನಲ್ಲಿ ಇವರನ್ನು ಕರೆದು, "ನೀನೇ ನೋಡಿ ಆರಿಸು. ನೀನು ಹೇಳಿದ್ದನ್ನೇ ಕೊಳ್ಳುತ್ತೇನೆ" ಎಂದರು. ಒಬ್ಬ ನೌಕರನಿಗೆ ಅದು ದೊಡ್ಡ ಗೌರವ. ಅಷ್ಟೇ ದೊಡ್ಡ ಹೊರೆ ಕೂಡ.

ಮಾಲಕರ ತಮ್ಮನಿಗೆ ಆಗಲೇ ಒಂದು ವಾಹನದ ಮೇಲೆ ಮನಸ್ಸಾಗಿತ್ತು. ಕುವೈತಿನ ರಸ್ತೆಗಳಲ್ಲಿ ಫೋರ್ಡ್ ಎಫ್-150, ಶೆವ್ರೊಲೆಟ್ ಸಿಲ್ವರಾಡೊ, ಜಿಎಂಸಿ ಸಿಯೆರಾದಂತಹ ದೊಡ್ಡ ಅಮೆರಿಕನ್ ಪಿಕಪ್‌ಗಳು ಬಹಳ. ಅಂಥದೇ ಒಂದು, ಕಪ್ಪು ಬಣ್ಣದ್ದು, ನಾಲ್ಕು ಬಾಗಿಲಿನದು, ಎಂಟು ಸಿಲಿಂಡರಿನ ಎಂಜಿನ್ ಇದ್ದದ್ದು ಒಬ್ಬ ದಲ್ಲಾಳಿಯ ಬಳಿ ಮಾರಾಟಕ್ಕಿತ್ತು. ನಾನೂ ನೋಡಿದೆ. ಒಳಗೆ ಕುಳಿತರೆ ದೀವಾನಖಾನೆಯಲ್ಲಿ ಕುಳಿತಂತೆ. "4 ಟನ್ನಿಗಿಂತ ಹೆಚ್ಚು ಎಳೆಯುತ್ತದೆ. ಇನ್ನೇನು ಬೇಕು?" ಎಂದು ದಲ್ಲಾಳಿ ಕೇಳಿದ.

ಇವರು ಉತ್ತರ ಕೊಡದೆ ಚಾಲಕನ ಬಾಗಿಲು ತೆರೆದು ಅದರ ಚೌಕಟ್ಟಿಗೆ ಅಂಟಿಸಿದ್ದ ಚಿಕ್ಕ ಫಲಕವನ್ನು ಓದಿದರು. ಅಂಕೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಮನೆಗೆ ಬಂದರು. ರಾತ್ರಿ ಊಟವಾದ ಮೇಲೆ ಆ ಚೀಟಿಯನ್ನು ನನ್ನ ಮುಂದಿಟ್ಟು, "ಶಿಬಿರಕ್ಕೆ ಏನೇನು ಹೋಗುತ್ತದೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ತಿಂಗಳ ಸಾಮಾನಿನ ಪಟ್ಟಿ ಬರೆದ ಹಾಗೆ ಬರೆ. ಪ್ರತಿಯೊಂದರ ಮುಂದೆ ತೂಕ ಹಾಕು" ಎಂದರು.

ನಾನು ಮಕ್ಕಳ ಹಳೆಯ ನೋಟ್‌ಬುಕ್ ತೆರೆದು ಬರೆಯಲು ಕುಳಿತೆ. ಮೊದಲು ಟ್ರೇಲರಿನ ಲೆಕ್ಕ. ಟ್ರೇಲರಿನ ಸ್ವಂತ ತೂಕ 500 ಕಿಲೋ. ಎರಡು ಬೈಕು 560. ಜನರೇಟರ್ 240. ಡೇರೆ, ಕಂಬ, ಜಮಖಾನ 300. ಒಲೆ, ದೊಡ್ಡ ಪಾತ್ರೆಗಳು 100. ಒಟ್ಟು 1,700 ಕಿಲೋ. "ಎಳೆಯುವುದು ಇಷ್ಟೇ. ಇದಕ್ಕೆ 4 ಟನ್ ಎಳೆಯುವ ವಾಹನ ಬೇಕಿಲ್ಲ" ಎಂದರು ಇವರು.

ನಂತರ ಪಿಕಪ್ ತಾನೇ ಹೊರಬೇಕಾದ ಭಾರ. ಐದು ಜನ ಕುಳಿತರೆ 350 ಕಿಲೋ. ಕಟ್ಟಿಗೆ 200. ಅಡುಗೆ ಸಾಮಾನು, ಕಂಬಳಿಗಳು 150. ಟ್ರೇಲರಿನ ಮೂಗು ಒತ್ತುವ ಭಾರ 170. ಆಮೇಲೆ ನೀರು. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ. ಇದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಹಿಂದಿನ ವರ್ಷ ಒಯ್ದಿದ್ದ 1,000 ಲೀಟರಿನ ಟ್ಯಾಂಕ್ ಎಂದರೆ ಪೂರ್ತಿ ಒಂದು ಟನ್ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಕೂಡಿಸಿದಾಗ 1,870 ಕಿಲೋ ಬಂತು.

ಇವರು ತಮ್ಮ ಚೀಟಿಯನ್ನು ತೋರಿಸಿದರು. ಆ ಕಪ್ಪು ವಾಹನ ಹೊರಬಹುದಾದ ಭಾರ ಸುಮಾರು 700 ಕಿಲೋ ಮಾತ್ರ! ಅದೂ ಒಳಗೆ ಕುಳಿತವರ ತೂಕವೂ ಸೇರಿ.

ನನಗೆ ನಂಬಲಾಗಲಿಲ್ಲ. ಅಷ್ಟು ದೊಡ್ಡ ವಾಹನ! ಇವರು ಬಿಡಿಸಿ ಹೇಳಿದರು. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಎಳೆಯುವುದು ಹೆಚ್ಚಾಗಿ ಎಂಜಿನ್, ಗೇರು, ಬ್ರೇಕುಗಳ ಮಾತು. ಹೊರುವುದು ಹಿಂದಿನ ಸ್ಪ್ರಿಂಗ್ ಪ್ಲೇಟು, ಆಕ್ಸಲ್, ಟಯರುಗಳ ಮಾತು. ಕುಟುಂಬಕ್ಕೆ ಸುಖ ಪ್ರಯಾಣ ಸಿಗಲೆಂದು ಅಂತಹ ವಾಹನಗಳಿಗೆ ಮೆತ್ತನೆಯ ಸ್ಪ್ರಿಂಗ್ ಕೊಡುತ್ತಾರೆ. ಐದು ಜನ ಕುಳಿತು, ಹಿಂದೆ ಹೆಚ್ಚು ಭಾರವಿಲ್ಲದೆ, ದೊಡ್ಡ ದೋಣಿಯನ್ನು ಎಳೆಯಬೇಕಾದವರಿಗೆ ಅದು ಒಳ್ಳೆಯ ವಾಹನವೇ. ನಮ್ಮ ಹೊರೆ ಮಾತ್ರ ಬೇರೆ ತರಹದ್ದು. ಮಿತಿಗಿಂತ ಹೆಚ್ಚು ಹೇರಿದರೆ ಹಿಂಭಾಗ ಕುಸಿದು ಮುಂಗಾಲಿ ಹಗುರವಾಗುತ್ತದೆ. ಆಗ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಬ್ರೇಕ್ ಹಾಕಿದರೂ ನಿಲ್ಲಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ. ಅರ್ಧ ತುಂಬಿದ ಟ್ಯಾಂಕಿನ ನೀರು ತುಳುಕಾಡಿ ತಿರುವುಗಳಲ್ಲಿ ವಾಹನವನ್ನು ತಳ್ಳುತ್ತದೆ.

ಇಲ್ಲಿಯವರೆಗೆ ಎಲ್ಲವೂ ಗಣಿತ. ಮರುದಿನ ಪರೀಕ್ಷೆ ಬಂತು.

ದಲ್ಲಾಳಿ ಗ್ಯಾರೇಜಿಗೇ ಬಂದು ಇವರ ಕೈ ಕುಲುಕಿ, ಕಪ್ಪು ವಾಹನ ಒಳ್ಳೆಯದೆಂದು ಮಾಲಕರಿಗೆ ಒಂದು ಮಾತು ಹೇಳಿದರೆ 150 ದೀನಾರ್ ಕೊಡುವುದಾಗಿ ಹೇಳಿದ. ಆಗಿನ ಲೆಕ್ಕದಲ್ಲಿ ಅದು 30,000 ರೂಪಾಯಿಗೂ ಹೆಚ್ಚು. ಮನೆಗೆ ಬಂದು ಇವರು ಅದನ್ನು ನನಗೆ ಹೇಳಿದ್ದು ನಗುತ್ತಲೇ. ಆದರೆ ನನಗೆ ನಗು ಬರಲಿಲ್ಲ. ಮಗಳ ಶಾಲಾ ಶುಲ್ಕದ ಎರಡನೇ ಕಂತು ಬಾಕಿಯಿತ್ತು. ಶಾಲೆಯಿಂದ ಎರಡು ಬಾರಿ ಚೀಟಿ ಬಂದಿತ್ತು. ಊರಿನಲ್ಲಿ ಅತ್ತೆಯವರ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹಣ ಕಳಿಸಿ ನಮ್ಮ ಕೈ ಬರಿದಾಗಿತ್ತು.

ಸಹೋದರಿ, ಸತ್ಯ ಹೇಳುತ್ತೇನೆ. ನಾನು ಆ ರಾತ್ರಿ ಇವರಿಗೆ ಹೀಗೆಂದೆ: "ಹೇಗೂ ಮಾಲಕರ ತಮ್ಮನಿಗೆ ಅದೇ ಬೇಕಾಗಿದೆ. ನೀವು ಬೇಡವೆಂದರೂ ಅವನು ಬಿಡುವುದಿಲ್ಲ. ವಾಹನವೂ ಕೆಟ್ಟದಲ್ಲ ಎಂದು ನೀವೇ ಹೇಳಿದಿರಿ. ಕಡಿಮೆ ಸಾಮಾನು ಹಾಕಿ ಎಂದು ಹೇಳಿದರಾಯಿತು. ಅವನು ಸಂತೋಷದಿಂದ ಕೊಡುವುದನ್ನು ತೆಗೆದುಕೊಂಡರೆ ತಪ್ಪೇನು? ಅದು ಹದಿಯಾ ತಾನೇ?"

ಇವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲನೆ, "ಝಕಾತ್ ವಸೂಲಿಗೆ ಹೋದವರ ಹದೀಸ್ ನೀನು ಮಕ್ಕಳಿಗೆ ಕಲಿಸುತ್ತೀಯಲ್ಲ, ಅದು ಹೇಗಿದೆ?" ಎಂದು ಕೇಳಿದರು.

ನನ್ನ ಮುಖಕ್ಕೆ ನೀರೆರಚಿದಂತಾಯಿತು. ಝಕಾತ್ ಸಂಗ್ರಹಿಸಲು ನೇಮಕವಾದ ಒಬ್ಬರು ಮರಳಿ ಬಂದು, ಇದು ನಿಮಗೆ, ಇದು ನನಗೆ ಸಿಕ್ಕಿದ ಉಡುಗೊರೆ ಎಂದು ಬೇರೆ ಮಾಡಿ ಇಟ್ಟರು. ಅವರು ತನ್ನ ತಂದೆಯ ಅಥವಾ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಅವರಿಗೆ ಬರುತ್ತಿತ್ತೇ ಎಂದು ಪ್ರವಾದಿವರ್ಯರು(ಸ) ಕೇಳಿದರು. ಬುಖಾರಿಯಲ್ಲೂ ಮುಸ್ಲಿಮಿನಲ್ಲೂ ಇರುವ ಈ ಹದೀಸನ್ನು ನಾನು ವರ್ಷ ವರ್ಷವೂ ಪಾಠ ಮಾಡಿದ್ದೇನೆ. ಪರೀಕ್ಷೆಗೆ ಪ್ರಶ್ನೆ ಕೊಟ್ಟು ಅಂಕ ಹಾಕಿದ್ದೇನೆ. ನನ್ನದೇ ಉತ್ತರ ಪತ್ರಿಕೆ ಬಂದಾಗ ಮಾತ್ರ ಹಾಳೆ ಖಾಲಿ.

"ಗ್ಯಾರೇಜಿನಲ್ಲಿ ಈ ಕೆಲಸ ಇಲ್ಲದಿದ್ದರೆ ಆ ದಲ್ಲಾಳಿ ನನಗೆ ಒಂದು ಚಹಾ ಕೊಡಿಸುತ್ತಿದ್ದನೇ?" ಎಂದರು ಇವರು. "ಅಲ್ಲದೆ ಆ ವಾಹನದಲ್ಲಿ ಕುಳಿತುಕೊಳ್ಳುವುದು ಯಾರು? ಹಜ್ಜಿಯಾ, ಅವರ ಮೊಮ್ಮಕ್ಕಳು. ಜನವರಿಯಲ್ಲಿ ನಮ್ಮ ಮಕ್ಕಳು ಕುಳಿತಿದ್ದ ಜಾಗದಲ್ಲಿ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶುಲ್ಕದ ಚಿಂತೆಗಿಂತ ಹೆಚ್ಚಾಗಿ, ಎಷ್ಟು ಸುಲಭವಾಗಿ ಕಮಿಶನ್ನಿಗೆ ಹದಿಯಾ ಎಂಬ ಹೆಸರು ಕೊಟ್ಟೆ ಎಂಬ ನಾಚಿಕೆ. ಭಾಷೆ ಕಲಿತವರಿಗೆ ಈ ಅಪಾಯ ಜಾಸ್ತಿ. ಹರಾಮಿಗೂ ಚಂದದ ಶಬ್ದ ಅವರಿಗೆ ಬೇಗ ಹೊಳೆಯುತ್ತದೆ. ಫಜ್ರ್ ನಮಾಝಿನ ನಂತರ ನಾನೇ ನೋಟ್‌ಬುಕ್ಕಿನ ಆ ಪುಟವನ್ನು ಅರಬಿಯಲ್ಲಿ ಶುದ್ಧವಾಗಿ ಬರೆದು ಇವರ ಕೈಗೆ ಕೊಟ್ಟೆ. "ಮಾಲಕರಿಗೆ ಇದನ್ನೇ ತೋರಿಸಿ" ಎಂದೆ. ನನ್ನ ತೌಬಾ ಅದೇ ಆಗಿತ್ತು.

ಮಾಲಕರು ಪಟ್ಟಿಯನ್ನು ಎರಡು ಸಲ ಓದಿದರಂತೆ. ತಮ್ಮ ಮುಖ ಸಿಂಡರಿಸಿದನಂತೆ. ಹಜ್ಜಿಯಾ ಮಾತ್ರ, "ಮನೆ ನಡೆಸುವವಳು ಬರೆದ ಪಟ್ಟಿ ಇದು, ಸುಳ್ಳಾಗಲಾರದು" ಎಂದರಂತೆ.

ಮತ್ತೆ ಹುಡುಕಾಟ. ಸಾಧಾರಣ ಕೆಲಸಕ್ಕೆ ಅಲ್ಲಿ ಎಲ್ಲೆಲ್ಲೂ ಕಾಣುವುದು ಟೊಯೊಟಾ ಹೈಲಕ್ಸ್. 1968ರಿಂದ ತಯಾರಾಗುತ್ತಿರುವ, ಒಂದು ಟನ್ ವರ್ಗದ ಪಿಕಪ್ ಅದು. ನಾಲ್ಕು ಬಾಗಿಲಿನದನ್ನು ಕೊಂಡರೆ ಜನರಿಗೆ ಜಾಗವಿದೆ, ಆದರೆ ಹಿಂದಿನ ಬಾಡಿ ಸುಮಾರು 1.5 ಮೀಟರ್ ಉದ್ದ ಮಾತ್ರ. ಡೇರೆಯ ಕಂಬಗಳು ಹೊರಗೆ ಚಾಚುತ್ತವೆ. ಎರಡು ಬಾಗಿಲಿನದಾದರೆ ಬಾಡಿ ಉದ್ದ, ಆದರೆ ಮನೆಮಂದಿಗೆ ಜಾಗವಿಲ್ಲ. ಎರಡೂ ಒಂದರಲ್ಲೇ ಬೇಕೆಂಬ ಹಟವೇ ಕಷ್ಟಕ್ಕೆ ಕಾರಣ ಎಂದು ಇವರು ಹೇಳಿದರು. ಹಾಗಾಗಿ ಹೊರೆಯನ್ನೇ ಹಂಚಿದೆವು. ಮನೆಯವರೆಲ್ಲ ಮನೆಯಲ್ಲೇ ಇದ್ದ ಜೀಪಿನಂತಹ ಕಾರಿನಲ್ಲಿ. ಪಿಕಪ್‌ನಲ್ಲಿ ಇಬ್ಬರೇ, 150 ಕಿಲೋ. ನೀರು 500 ಲೀಟರ್ ಸಾಕು, ಉಳಿದದ್ದನ್ನು ಶಿಬಿರದ ಕಡೆ ಬರುವ ಟ್ಯಾಂಕರಿನಿಂದ ಕೊಳ್ಳುವುದು. ಕಟ್ಟಿಗೆಗೆ ಬೇರೆ ದಿನ ಬೇರೆ ಓಡಾಟ. ಸಾಮಾನು 150, ಟ್ರೇಲರಿನ ಮೂಗಿನ ಭಾರ 170. ಒಟ್ಟು 970 ಕಿಲೋ. 1,870 ಇದ್ದದ್ದು 970ಕ್ಕೆ ಇಳಿಯಿತು. ಹೊಸ ಎಂಜಿನಿನಿಂದಲ್ಲ, ಪೆನ್ಸಿಲಿನಿಂದ!

ಕೊನೆಗೆ ಆರಿಸಿದ್ದು ಬಳಸಿದ ಒಂದು ಬಿಳಿ ಟೊಯೊಟಾ ಲ್ಯಾಂಡ್ ಕ್ರೂಸರ್ ಪಿಕಪ್, ಎರಡು ಬಾಗಿಲಿನದು. 1984ರಲ್ಲಿ ಆರಂಭವಾದ 70 ಸರಣಿಯದು. ಅರಬರು ಅದನ್ನು 'ಶಾಸ್' ಎನ್ನುತ್ತಾರೆ. ಚಾಸಿಸ್ ಎಂಬ ಶಬ್ದವೇ ಹಾಗಾಗಿದೆ. ಒಳಗೆ ಏನೂ ಸೊಗಸಿಲ್ಲ. ಕೈ ಗೇರು, ಗಟ್ಟಿ ಸೀಟು. ಆದರೆ ಹಿಂದೆ ದಪ್ಪ ಸ್ಪ್ರಿಂಗ್ ಪ್ಲೇಟುಗಳು, ನಾಲ್ಕೂ ಗಾಲಿಗಳಿಗೆ ಶಕ್ತಿ, ಮರಳಿನಲ್ಲಿ ನಿಧಾನವಾಗಿ ಬಲವಾಗಿ ಎಳೆಯಲು ಬೇರೆ ಗೇರು. ಅದರ ಬಾಗಿಲಿನ ಫಲಕದ ಪ್ರಕಾರ ಹೊರುವ ಮಿತಿ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಕಪ್ಪು ವಾಹನಕ್ಕೆ ಕೊಡಬೇಕಿದ್ದ ಹಣದಲ್ಲಿ ಉಳಿದದ್ದರಿಂದ ತನ್ನದೇ ಬ್ರೇಕ್ ಇರುವ ಟ್ರೇಲರ್, ಹೊಸ ಟಯರುಗಳು, ಗಾಳಿ ತುಂಬುವ ಸಣ್ಣ ಪಂಪು ಬಂದವು. ಟ್ರೇಲರಿಗೆ ಬ್ರೇಕ್ ಬೇಕೆಂದು ಇವರು ಹಟ ಹಿಡಿದರು. 750 ಕಿಲೋಗಿಂತ ಭಾರದ ಟ್ರೇಲರಿಗೆ ಸ್ವಂತ ಬ್ರೇಕ್ ಇರಲೇಬೇಕೆಂಬ ನಿಯಮ ಹಲವು ದೇಶಗಳಲ್ಲಿದೆ. "ಎಳೆಯುವುದು ಯಾವ ವಾಹನಕ್ಕೂ ಬರುತ್ತದೆ. ನಿಲ್ಲಿಸಲು ಬರುತ್ತದೆಯೇ ಎಂದು ಕೇಳಬೇಕು" ಎನ್ನುವುದು ಇವರ ಮಾತು.

ಡಿಸೆಂಬರಿನಲ್ಲಿ ಅದೇ ಸಾಲ್ಮಿ ರಸ್ತೆಯಲ್ಲಿ ಹೋದೆವು. ಸವಾರಿಯ ದುಆ ಹೇಳುವಾಗ ಅದರ ಅರ್ಥವೇ ಬೇರೆಯಾಗಿ ಕೇಳಿಸಿತು. ನಮಗೆ ವಶಪಡಿಸಿಕೊಳ್ಳಲಾಗದ್ದನ್ನು ಅಲ್ಲಾಹನು ವಶಪಡಿಸಿಕೊಟ್ಟ ಎಂದು ಹೇಳಿ ಹತ್ತುವ ನಾವು, ಅದರ ಮೇಲೆ ಮನಬಂದಂತೆ ಹೇರಬಹುದೇ? ಒಂದು ತೋಟದಲ್ಲಿ ಒಂಟೆಯೊಂದು ಪ್ರವಾದಿವರ್ಯರನ್ನು(ಸ) ಕಂಡು ಕಣ್ಣೀರು ಸುರಿಸಿದ ಘಟನೆ ನೆನಪಾಯಿತು. ಯಜಮಾನ ಅದನ್ನು ಉಪವಾಸ ಕೆಡವಿ ಮಿತಿಮೀರಿ ದುಡಿಸುತ್ತಿದ್ದ. ಅವರು ಒಂಟೆಯನ್ನು ಸವರಿ ಸಮಾಧಾನಪಡಿಸಿ ಯಜಮಾನನನ್ನು ಎಚ್ಚರಿಸಿದರು. ಪಿಕಪ್ ಅಳುವುದಿಲ್ಲ. ಅದರ ದೂರು ರಸ್ತೆಯಲ್ಲಿ, ಒಮ್ಮೆಗೇ ಬರುತ್ತದೆ.

ಡಾಂಬರು ಬಿಟ್ಟು ಮರಳಿಗೆ ಇಳಿಯುವ ಮುನ್ನ ಇವರು ಟಯರುಗಳ ಗಾಳಿಯನ್ನು 35ರ ಆಸುಪಾಸಿನಿಂದ 18ರ ಆಸುಪಾಸಿಗೆ ಇಳಿಸಿದರು. ಗಾಳಿ ಇಳಿದ ಟಯರು ಒಂಟೆಯ ಪಾದದಂತೆ ಅಗಲವಾಗಿ ಮರಳಿನ ಮೇಲೆ ಕೂರುತ್ತದೆ. ಮರಳಿ ರಸ್ತೆಗೆ ಬಂದಾಗ ಪಂಪಿನಿಂದ ಪುನಃ ತುಂಬಿಸಬೇಕು. ಇಲ್ಲದಿದ್ದರೆ ವೇಗದಲ್ಲಿ ಟಯರು ಕಾದು ಸಿಡಿಯುತ್ತದೆ. ಪಕ್ಕದ ಶಿಬಿರದವರ ವಾಹನ ಹೂತುಹೋದಾಗ ಹಗ್ಗ ಕಟ್ಟಿ ಎಳೆದದ್ದೂ ನಮ್ಮ ಶಾಸೇ. ಆಗ ಮಕ್ಕಳನ್ನೆಲ್ಲ ದೂರ ಕಳಿಸುವ ಕೆಲಸ ನನ್ನದು. ಬಿಗಿಯಾದ ಹಗ್ಗ ತುಂಡಾದರೆ ಚಾಟಿಯಂತೆ ಬಂದು ಹೊಡೆಯುತ್ತದೆ. 1990-91ರ ಯುದ್ಧದಲ್ಲಿ ಹೂತಿಟ್ಟ ಸ್ಫೋಟಕಗಳಿಂದ ಆ ಮರುಭೂಮಿಯಲ್ಲಿ ಆಮೇಲೂ ಜನ ಸತ್ತಿದ್ದಾರೆ. ಆದ್ದರಿಂದ ಇದ್ದ ಜಾಡಿನಲ್ಲೇ ಹೋಗಬೇಕು, ಲೋಹದ ವಸ್ತು ಕಂಡರೆ ಮುಟ್ಟಬಾರದು ಎಂದು ಮಕ್ಕಳಿಗೆ ದಿನವೂ ಹೇಳಿಕೊಡುತ್ತಿದ್ದೆ.

ನನ್ನ ಪಟ್ಟಿಯಲ್ಲಿ ಕಂಬಳಿಗಳ ಸಂಖ್ಯೆ ನೋಡಿ ಹುಡುಗರು ನಕ್ಕಿದ್ದರು. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷದ ಶಿಬಿರದಲ್ಲಿ ಕೆಲಸದ ಹೆಂಗಸರ ಡೇರೆಯಲ್ಲಿ ಕಂಬಳಿ ಸಾಲದೆ, ಅವರು ಚಹಾ ಕಾಯಿಸುವ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗೆ ತಂದು, ಗಾಳಿ ಬರದಂತೆ ಬಾಗಿಲಿನ ಬಟ್ಟೆ ಬಿಗಿದು ಮಲಗಿದ್ದರು. ಬೆಳಿಗ್ಗೆ ಇಬ್ಬರಿಗೂ ವಿಪರೀತ ತಲೆನೋವು, ವಾಂತಿ. ಒಬ್ಬಳು ಎದ್ದು ನಿಲ್ಲಲಾರದೆ ಕುಸಿದಳು. ರಾತ್ರಿಯ ಮಾಂಸ ಹಾಳಾಗಿತ್ತೇನೋ ಎಂದೆವು. ಡೇರೆಯೊಳಗೆ ಇಣುಕಿದ ಇವರು ಅಗ್ಗಿಷ್ಟಿಕೆಯನ್ನು ಕಂಡು ಇಬ್ಬರನ್ನೂ ಹೊರಗಿನ ಗಾಳಿಗೆ ತಂದು ಕೂರಿಸಿದರು, ಕೂಡಲೇ ಆಸ್ಪತ್ರೆಗೆ ಕಳಿಸಿದರು. ಅಲ್‌ಹಮ್ದುಲಿಲ್ಲಾಹ್, ಇಬ್ಬರೂ ಉಳಿದರು. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ಡೇರೆಯ ಬಾಗಿಲಲ್ಲಿ ಓಡುವ ಜನರೇಟರ್, ಎಂಜಿನ್ ಚಾಲೂ ಇಟ್ಟು ವಾಹನದಲ್ಲಿ ಮಲಗುವುದು, ಎಲ್ಲವೂ ಅದೇ ಅಪಾಯ. ಮಲಗುವಾಗ ಮನೆಯಲ್ಲಿ ಬೆಂಕಿ ಉರಿಯಲು ಬಿಡಬೇಡಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಡೇರೆಯಲ್ಲೂ ಅದು ನಮ್ಮ ಕರ್ತವ್ಯವೇ. ಆದ್ದರಿಂದ ವಾಹನದಲ್ಲಿ ಮೊದಲು ಕಂಬಳಿಗೆ ಜಾಗ ಉಳಿಸಿದೆವು, ಎಲ್ಲರಿಗೂ ಎರಡೆರಡರಂತೆ. ಕೆಲಸದವರಿಗೂ.

ಆ ರಾತ್ರಿ ಹೆಂಗಸರ ಡೇರೆಯಲ್ಲಿ ಹಜ್ಜಿಯಾ ನನ್ನ ಪಕ್ಕ ಮಲಗಿದ್ದರು. "ನಿನ್ನ ಪಟ್ಟಿಯಲ್ಲಿ ನನ್ನ ತೂಕ ಎಷ್ಟು ಬರೆದಿದ್ದೆ?" ಎಂದು ಕೇಳಿದರು. 70 ಎಂದೆ. "ಸುಳ್ಳಿ! 90 ಇದ್ದೇನೆ" ಎಂದು ನಕ್ಕರು. ಗೌರವಕ್ಕೆಂದು ಅಲ್ಲೂ 20 ಕಿಲೋ ಕಡಿಮೆ ಬರೆದಿದ್ದೆ ನಾನು!

ದಲ್ಲಾಳಿಯ ಹಣದ ವಿಷಯ ಮಾಲಕರಿಗೆ ನಾವು ಹೇಳಲಿಲ್ಲ. ಶುಲ್ಕದ ಕಂತನ್ನು ನನ್ನ ಒಂದು ಜೊತೆ ಬೆಂಡೋಲೆ ಮಾರಿ ಕಟ್ಟಿದೆವು. ಅದಕ್ಕೆ ಬದಲಾಗಿ ಏನೋ ದೊಡ್ಡ ಬಹುಮಾನ ಸಿಕ್ಕಿತೆಂದು ಬರೆದರೆ ಕಥೆಗೆ ಚಂದ. ಆದರೆ ಹಾಗೇನೂ ಆಗಲಿಲ್ಲ. ಆ ಬೆಂಡೋಲೆ ಮತ್ತೆ ಕಿವಿಗೆ ಬರಲಿಲ್ಲ. ಮಗಳು ಓದಿದಳು, ಅಷ್ಟು ಸಾಕು.

ಈಗ ಊರಿನಲ್ಲಿದ್ದೇವೆ. ಇಲ್ಲಿ ಮರುಭೂಮಿಯ ಶಿಬಿರವಿಲ್ಲ. ಆದರೆ ಪಿಕಪ್ ಇದೆ. ಮದುವೆಗೆ ಹೋಗುವಾಗ ಸಾಮಾನಿನ ಪಿಕಪ್‌ನ ಹಿಂದೆ ಹುಡುಗರನ್ನು ನಿಲ್ಲಿಸಿಕೊಂಡು ಹೋಗುವುದನ್ನು ನೀವೂ ನೋಡಿದ್ದೀರಿ. ಸಾಮಾನಿನ ವಾಹನದಲ್ಲಿ ಹಾಗೆ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಒಂದು ಬಾಡಿಗೆ ಉಳಿಸಲು ಎರಡು ಬಾಡಿಗೆಯ ಸಾಮಾನು ಹೇರುವುದನ್ನೂ ನೋಡಿದ್ದೀರಿ. ಆಗ ಮನೆಯೊಳಗಿನಿಂದ ಯಾರಾದರೂ ಕೇಳಬೇಕು. ಆ ಯಾರಾದರೂ ನೀವೇ ಆಗಬಾರದೇಕೆ?

ನಿಮ್ಮ ಮನೆಯಲ್ಲಿ ಮುಂದಿನ ಸಲ ವಾಹನದ ಮಾತು ಬಂದಾಗ ಚಹಾ ಕೊಟ್ಟು ಒಳಗೆ ಹೋಗಬೇಡಿ. ಒಂದು ಕಾಗದ, ಪೆನ್ನು ತೆಗೆದುಕೊಂಡು ಕುಳಿತುಕೊಳ್ಳಿ. ಏನು ಹೊರಬೇಕು, ಎಷ್ಟು ಜನ ಕೂರಬೇಕು, ಎಷ್ಟು ದೂರ ಹೋಗಬೇಕು ಎಂದು ಬರೆಯಿರಿ. ಬಾಗಿಲಿನ ಫಲಕದಲ್ಲಿ ಏನು ಬರೆದಿದೆ ಎಂದು ಕೇಳಿ. ಯಾರಾದರೂ ನಡುವೆ ಹಣ ಕೊಡಲು ಬಂದಿದ್ದಾರೆಯೇ ಎಂದೂ ಕೇಳಿ. ಕೇಳುವಾಗ ನಿಮ್ಮ ಮನಸ್ಸು ಆ ಹಣಕ್ಕೆ ಯಾವ ಹೆಸರು ಕೊಡುತ್ತದೆ ಎಂಬುದನ್ನು ಗಮನಿಸಿ.

ಹೊರಲಾರದ ಹೊರೆಯನ್ನು ನಮ್ಮ ಮೇಲೆ ಹೇರದಿರಲೆಂದು ನಾವು ಅಲ್ಲಾಹನಲ್ಲಿ ಬೇಡುತ್ತೇವೆ. ನಾವೂ ಯಾರ ಮೇಲೂ ಹಾಗೆ ಹೇರದವರಾಗೋಣ. ಆಮೀನ್.